ನಿಂಜನ ಹೆಗಲಿಗೆ ದೊಡ್ಡಪ್ಪನ ಶಲ್ಯ

ಆಲೂರು

ಜಪಾನಿನಿಂದ ಬಂದ ಮೇಲೆ ಆಲೂರಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು: "ಅಲ್ಲಿ ಏನೇನ್ ನೋಡಿದ್ರಿ ಆಚಾರ್ರೇ?" ಒಂದು ತಿಂಗಳ ಕಾಲ ನಾನು ಹೆಚ್ಚಾಗಿ ನೋಡಿದ್ದು ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಮನುಷ್ಯನನ್ನು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಟಿ.ವಿ. ಗಾಜಿನ ಹಿಂದೆ ಓಡುತ್ತಿದ್ದ. ಗೋಡೆ ಹತ್ತುತ್ತಿದ್ದ, ಹದ್ದು ಬಡಿದು ಬಿದ್ದು ಸಾಯುತ್ತಿದ್ದ, ಸತ್ತ ಮರುಗಳಿಗೆ ಎದ್ದು ಬಂದು ಮತ್ತೆ ಅದೇ ಹದ್ದಿನಿಂದ ಸಾಯುತ್ತಿದ್ದ. ಇದನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಗೆ ಹೇಳುವುದು? "ದೊಡ್ಡ ದೊಡ್ಡ ಗುಡಿ ಅದಾವ್ರೀ" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈಗ ಬರೆಯಲು ಕೂತಿದ್ದೇನೆ. ಅರ್ಥವಾಯಿತು ಎಂದಲ್ಲ. ಅರ್ಥವಾಗದ್ದನ್ನು ಒಬ್ಬನೇ ಎಷ್ಟು ದಿನ ಹೊತ್ತು ತಿರುಗಲಿ ಎಂದು.

ನಾನು ಆಂಧ್ರದ ಗಡಿಯೊಳಗಿನ ಆಲೂರಿನವನು, ಹತ್ತಿರದ ಆದವಾನಿಯ ಕಾಲೇಜೊಂದರಲ್ಲಿ ಸಂಸ್ಕೃತ ಹೇಳಿಕೊಡುವವನು. ಎಂಬತ್ತರ ದಶಕದಲ್ಲಿ ಮಿಚಿಕೊ ಎಂಬ ಜಪಾನಿನ ಹೆಣ್ಣುಮಗಳು ನಮ್ಮ ಮನೆಯ ತಾಳೆಗರಿಗಳನ್ನು ನೋಡಲು ಆಲೂರಿಗೆ ಬಂದಿದ್ದರು. ಸಂಸ್ಕೃತ ಓದಿದವರು. ಹಗಲೆಲ್ಲ ನನ್ನ ಜೊತೆ ತಾಳೆಗರಿ, ಸಂಜೆ ನನ್ನ ಹೆಂಡತಿ ಪದ್ಮಾವತಿಯ ಜೊತೆ ಅಡಿಗೆಮನೆ. ಹಾಗಾಗಿ ಆಕೆಗೆ ಎರಡು ಭಾಷೆ ಬಂದವು: ಪಾಣಿನಿಯ ಸಂಸ್ಕೃತ ಮತ್ತು ಪದ್ಮಾವತಿಯ ಕನ್ನಡ. ಮರುವರ್ಷ, ತಮ್ಮ ವಿದ್ಯಾರ್ಥಿಗಳಿಗೆ ಗ್ರಂಥ ಓದಿಸಲು ಒಂದು ತಿಂಗಳು ಒಸಾಕಾಗೆ ಬಂದು ತಮ್ಮ ಮನೆಯಲ್ಲೇ ಇರಬೇಕೆಂದು ನನ್ನನ್ನು ಕರೆದರು.

ನನಗೆ ಉಪನಯನದಲ್ಲಿ ಉಪದೇಶ ಮಾಡಿದವರು, ಸಾಕಿದವರು, ದೊಡ್ಡಪ್ಪ. ಸಮುದ್ರ ದಾಟುವ ಮಾತನ್ನು ಅಂಜುತ್ತಲೇ ಅವರ ಮುಂದೆ ತೆಗೆದೆ. ಅವರು ಪಂಚಾಂಗದಿಂದ ತಲೆ ಎತ್ತಲಿಲ್ಲ.

"ಹೋಗು. ಹನುಮಪ್ಪ ದಾಟ್ಲಿಲ್ಲೇನು, ಅವಗೇನಾತು? ಆದ್ರ ಶೀನಾ, ಒಂದ್ ಮಾತು. ಸಂಧ್ಯಾವಂದನಿ ತಪ್ಪಸಬ್ಯಾಡ. ಮುದ್ರಿ ಯಾರಿಗೂ ತೋರಸಬ್ಯಾಡ. ಆ ಕಡಿ ಮಂದಿ ಕಂಡಿದ್ದೆಲ್ಲಾ ಫೋಟೋ ಹಿಡೀತಾರಂತ."

ಜಪಕ್ಕೆ ಮೊದಲು ಕೈಬೆರಳುಗಳಲ್ಲಿ ಕೆಲವು ಮುದ್ರೆ ಹಿಡಿಯುವುದುಂಟು. ನಮ್ಮ ಮನೆಯಲ್ಲಿ ಅದನ್ನು ಶಲ್ಯದ ಮರೆಯಲ್ಲೇ ಹಿಡಿಯಬೇಕು. ದೊಡ್ಡಪ್ಪ ನನಗೆ ಕಲಿಸುವಾಗ ಕೂಡ ಕಣ್ಣಿಗೆ ತೋರಿಸಲಿಲ್ಲ. ಬಟ್ಟೆಯೊಳಗೆ ನನ್ನ ಬೆರಳು ಹಿಡಿದು ಒಂದೊಂದಾಗಿ ಮಡಿಸಿದರು. "ಮಾತು ಕೊಟ್ಟೆ ದೊಡ್ಡಪ್ಪ" ಎಂದೆ. ಅವರು ತಮ್ಮ ಕೆಂಪು ಅಂಚಿನ ಹತ್ತಿಯ ಶಲ್ಯ ತೆಗೆದು ನನ್ನ ಹೆಗಲಿಗೆ ಹಾಕಿದರು.

ಆದವಾನಿಗೆ ಹೋಗುವ ಬಸ್ಸಿನ ಕಂಡಕ್ಟರಿಗೆ ಸುದ್ದಿ ಆಗಲೇ ಮುಟ್ಟಿತ್ತು. "ಸ್ವಾಮೀ, ಜಪಾನ್ ಅಂಟೇ ಎಂತ ದೂರಂ? ಗುಂತಕಲ್ ದಾಟಿ ಐತೇನ್ರಿ?" ಎಂದು ತೆಲುಗು ಬೆರೆಸಿ ಕೇಳಿದ. ದಾಟಿ ಇದೆ ಎಂದೆ. "ಐತೇ ದೂರಮೇ ಬಿಡ್ರಿ," ಹಾಗಾದರೆ ದೂರವೇ, ಎಂದು ಮರುಗಿ, ಕಿಟಕಿ ಪಕ್ಕ ಕೂಡಿಸಿದ.

ಒಸಾಕಾ

ವಿಮಾನ ನಿಲ್ದಾಣದಲ್ಲಿ ಬಿಳಿ ಕೈಗವುಸಿನ ಅಧಿಕಾರಿಯೊಬ್ಬರು ನನ್ನ ಚೀಲ ಬಿಚ್ಚಿದರು. ಮೆಂತ್ಯದ ಹಿಟ್ಟು, ಚಟ್ನಿಪುಡಿ, ಅವಲಕ್ಕಿ, ತಾಮ್ರದ ಪಂಚಪಾತ್ರೆ, ಉದ್ಧರಣೆ ಒಂದೊಂದನ್ನೂ ಮೂಸಿ ನೋಡಿದರು. ಗೋಪೀಚಂದನದ ಗಡ್ಡೆ ಕೈಗೆ ಸಿಕ್ಕಾಗ ಮಾತ್ರ ಮುಖ ಬದಲಾಯಿತು. ಏನು ಎಂದು ಸನ್ನೆಯಲ್ಲಿ ಕೇಳಿದರು. ನಾನು ಹಣೆಯ ನಾಮ ತೋರಿಸಿದೆ. ಅವರು ಗಡ್ಡೆ ನೋಡಿದರು, ಹಣೆ ನೋಡಿದರು, ಮತ್ತೆ ಗಡ್ಡೆ ನೋಡಿದರು. ಕೊನೆಗೆ ಸೊಂಟ ಬಗ್ಗಿಸಿ ನಮಸ್ಕರಿಸಿ ಬಿಟ್ಟುಬಿಟ್ಟರು. ನನ್ನನ್ನು ಯಾರೆಂದುಕೊಂಡರೋ ಇವತ್ತಿಗೂ ಗೊತ್ತಿಲ್ಲ.

ಹೊರಗೆ ಮಿಚಿಕೊ ನಿಂತಿದ್ದರು. "ಆರಾಮ ಬಂದ್ರೇನ್ರಿ? ಉಂಡ್ರೇನ್ರಿ?" ಎಂದರು. ಆ ಗಾಜಿನ ಕಟ್ಟಡದ ನಡುವೆ ನಮ್ಮ ಹಿತ್ತಲಿನ ಮಾತು ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿ ಅವರ ಗಂಡ ಹಾಯಾಶಿ. ತೆಳ್ಳನೆಯ ಮನುಷ್ಯ, ಕಣ್ಣಿನ ಕೆಳಗೆ ಕಪ್ಪು. ಅವರು ಬಗ್ಗಿದರು, ನಾನು ಕೈ ಮುಗಿದೆ. ಅವರು ಮತ್ತೆ ಬಗ್ಗಿದರು, ನಾನು ಮತ್ತೆ ಮುಗಿದೆ. ನಮ್ಮಲ್ಲಿ ನಮಸ್ಕಾರಕ್ಕೆ ಒಂದು ಕೊನೆ ಇದೆ. ಅಲ್ಲಿ ಅದನ್ನು ಯಾರು ನಿಲ್ಲಿಸಬೇಕು ಎಂಬುದು ತಿಳಿಯದೆ, ಹಿಂದಿನವರಿಗೆ ದಾರಿ ಕಟ್ಟಿ ನಿಂತುಬಿಟ್ಟೆವು.

ಮಡಿ ಮೈಲಿಗೆ ನಮಗೊಬ್ಬರಿಗೇ ಗೊತ್ತು ಎಂಬ ಜಂಬ ಆ ಮನೆಯ ಹೊಸ್ತಿಲಲ್ಲೇ ಇಳಿಯಿತು. ಹೊರಗಿನ ಚಪ್ಪಲಿ ಬೇರೆ, ಒಳಗಿನದು ಬೇರೆ, ಚಾಪೆಯ ಮೇಲೆ ಯಾವುದೂ ಇಲ್ಲ, ಕಕ್ಕಸಿಗೆ ಇನ್ನೊಂದು. ಮೊದಲ ದಿನವೇ ಕಕ್ಕಸಿನ ಚಪ್ಪಲಿಯಲ್ಲಿ ನಡುಮನೆಗೆ ಬಂದು ಕೂತೆ. ಗಂಡ ಹೆಂಡತಿ ಇಬ್ಬರೂ ನನ್ನ ಪಾದ ಬಿಟ್ಟು ಬೇರೆಲ್ಲವನ್ನೂ ನೋಡಿದರು.

ಊಟಕ್ಕೆ ಕೂತಾಗ ಹಾಯಾಶಿಯವರ ಉದ್ಯೋಗ ಕೇಳಿದೆ. ಮಿಚಿಕೊ ಸಂಸ್ಕೃತದಲ್ಲಿ ಹೇಳಿದರು: "ಮಮ ಪತಿಃ ಗುಪ್ತಚರಂ ನಿರ್ಮಾತಿ." ನನ್ನ ಗಂಡ ಒಬ್ಬ ಗೂಢಚಾರನನ್ನು ತಯಾರಿಸುತ್ತಾನೆ. ಪೊಲೀಸು ಇಲಾಖೆಯೋ ಎಂದೆ. ಅಲ್ಲವಂತೆ. ಯಾವುದರಿಂದ ತಯಾರಿಸುತ್ತಾರೆ ಎಂದೆ. "ಬಿಂದುಭಿಃ." ಚುಕ್ಕೆಗಳಿಂದ. ಪರದೇಶದಲ್ಲಿ ಮೊದಲ ದಿನವೇ ಇಷ್ಟು ಸಾಕು ಎನಿಸಿತು.

ಮೂರನೆಯ ಮಹಡಿ

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮೂರನೆಯ ಮಹಡಿಯ ತೆರೆದ ಮೊಗಸಾಲೆಗೆ ಹೋಗಿ, ಬಾಗಿಲು ಎಳೆದುಕೊಂಡು, ಪೂರ್ವಕ್ಕೆ ನಿಂತು ಅರ್ಘ್ಯ ಬಿಟ್ಟೆ. ಆಲೂರಿನಲ್ಲಿ ಅರ್ಘ್ಯದ ನೀರು ತುಳಸಿ ಬುಡಕ್ಕೆ ಹೋಗುತ್ತದೆ. ಒಸಾಕಾದಲ್ಲಿ ಎರಡನೆಯ ಮಹಡಿಯ ಅಜ್ಜಿ ಬಿಸಿಲಿಗೆ ಹಾಕಿದ್ದ ಹಾಸಿಗೆಗೆ ಹೋಯಿತು. ಆ ತಾಯಿ ಮೇಲೆ ಬಂದು ಬಾಗಿಲಲ್ಲಿ ನಿಂತು, ತೊಂದರೆ ಕೊಟ್ಟದ್ದಕ್ಕೆ ತಾವೇ ಕ್ಷಮೆ ಕೇಳಿದರು. ಇದೇ ನಮ್ಮ ಚಿಪ್ಪಗಿರಿಯ ಅತ್ತೆಯ ಹಾಸಿಗೆ ಆಗಿದ್ದರೆ ನನ್ನ ಏಳು ತಲೆಮಾರು ಬೀದಿಗೆ ಬರುತ್ತಿತ್ತು. ಬೈಸಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕ್ಷಮೆ ಕೇಳಿಸಿಕೊಂಡು ದಿನವಿಡೀ ಒದ್ದಾಡಿದೆ.

ನಾನು ಏನು ಮಾಡುತ್ತಿದ್ದೆ ಎಂದು ಮಿಚಿಕೊ ಗಂಡನಿಗೆ ವಿವರಿಸಿದರು. ನೀರು, ಸೂರ್ಯ, ಜಪ ಎಲ್ಲಕ್ಕೂ ಹಾಯಾಶಿ ತಲೆಯಾಡಿಸಿದರು. ಮುದ್ರೆಯ ಮಾತು ಬಂದಾಗ ಕೈಯಲ್ಲಿದ್ದ ಊಟದ ಕಡ್ಡಿ ಕೆಳಗಿಟ್ಟರು. ಮಿಚಿಕೊ ನನ್ನ ಕಡೆ ತಿರುಗಿದರು.

"ಆಚಾರ್ಯರೇ, ಇವರ ಗೂಢಚಾರನೂ ಮುದ್ರೆ ಹಿಡಿಯುತ್ತಾನೆ. ಅವನ ವಿದ್ಯೆಯೆಲ್ಲ ಅದರಲ್ಲೇ. ಆದರೆ ಅದು ಹೇಗೆ ಎಂದು ಇವರಿಗೆ ತಿಳಿಯದು. ನೀವು ಒಮ್ಮೆ ತೋರಿಸುವಿರಾ?"

ಬೇಡ ಎನ್ನಲು ಧೈರ್ಯ ಬರಲಿಲ್ಲ. ಆಗಲಿ ಎನ್ನಲು ದೊಡ್ಡಪ್ಪ ಬಿಡಲಿಲ್ಲ. ಮೊದಲು ನಿಮ್ಮ ಗೂಢಚಾರನನ್ನು ತೋರಿಸಿ ಎಂದು ಹೇಳಿ ತಪ್ಪಿಸಿಕೊಂಡೆ.

ಹಾಯಾಶಿಯವರ ಕಚೇರಿ

ಕಚೇರಿ ಎಂದರೆ ಒಂದು ಉದ್ದನೆಯ ಕೋಣೆ. ಮೇಜಿನ ಕೆಳಗಿಂದ ಎರಡು ಕಾಲು ಹೊರಗೆ ಬಂದಿದ್ದವು. ಹೆದರಿ ಮಿಚಿಕೊ ಕಡೆ ನೋಡಿದೆ. ಮನೆಗೆ ಹೋಗಲು ಪುರುಸೊತ್ತಿಲ್ಲದವರು ಅಲ್ಲೇ ಮಲಗುತ್ತಾರಂತೆ. ಮೇಜುಗಳ ಮೇಲೆ ಚೌಕುಳಿ ಕಾಗದ, ಬಣ್ಣದ ಪೆನ್ಸಿಲ್ಲು. ಅಲ್ಲಿ ತಯಾರಾಗುತ್ತಿದ್ದದ್ದು ಟಿ.ವಿ.ಗೆ ಸಿಕ್ಕಿಸಿ ಆಡುವ ಆಟ. ಒಂದು ಟಿ.ವಿ.ಯಲ್ಲಿ ನಿಂಜ ಎಂಬ ಆ ಗೂಢಚಾರ. ಕೈಯಲ್ಲಿ ಹಿಡಿದ ಗುಂಡಿ ಒತ್ತಿದರೆ ಅವನು ಹಾರುತ್ತಾನೆ. ನನ್ನ ಕೈಗೆ ಕೊಟ್ಟರು. ಒತ್ತಿದೆ. ಹಾರಿ ಹಳ್ಳಕ್ಕೆ ಬಿದ್ದ. ಕ್ಷಮಿಸಿ ಎಂದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಹಾಯಾಶಿ ಹೇಳುತ್ತ ಹೋದರು, ಮಿಚಿಕೊ ಸಂಸ್ಕೃತದಲ್ಲಿ ತಿಳಿಸುತ್ತ ಹೋದರು. ಹಳೆಯ ಕವಿಗಳು ಇಂಥ ಸಂಗತಿಗೆ ಪದ ಮಾಡಿಟ್ಟು ಹೋಗಿಲ್ಲವಾದ್ದರಿಂದ ಆಕೆ ಪಟ್ಟ ಕಷ್ಟ ಹೇಳತೀರದು. ನಿಂಜ ಮುಖ ಮುಚ್ಚಿಕೊಂಡಿರುವುದು ಏಕೆ? ವೇಷ ಮರೆಸಲು ಎಂದು ನಾನು ತಿಳಿದಿದ್ದೆ. ಅಲ್ಲ. ಅಷ್ಟು ಕಡಿಮೆ ಚುಕ್ಕೆಗಳಲ್ಲಿ ಮೂಗು ಬಾಯಿ ಬರೆಯಲು ಆಗುವುದಿಲ್ಲ. ಬಟ್ಟೆ ಸುತ್ತಿಬಿಟ್ಟರೆ ಕಣ್ಣು ಎರಡು ಚುಕ್ಕೆಯಲ್ಲಿ ಮುಗಿಯುತ್ತದೆ. ರಾತ್ರಿ ತಿರುಗುವವನಿಗೆ ನೀಲಿ ಬಟ್ಟೆ ಏಕೆ? ಕಪ್ಪು ಕೊಟ್ಟಿದ್ದರಂತೆ. ಕಪ್ಪು ಆಕಾಶದ ಮುಂದೆ ಅವನು ಅವರಿಗೇ ಸಿಗಲಿಲ್ಲ.

ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಳ್ಳುವುದು ಅವನ ದೊಡ್ಡ ವಿದ್ಯೆ. ಅದನ್ನು ಯಾರೂ ಯೋಚಿಸಿ ಕೊಟ್ಟದ್ದಲ್ಲ. ಯಾರದೋ ಲೆಕ್ಕ ತಪ್ಪಿ ಅವನು ಗೋಡೆಗೆ ಸಿಕ್ಕಿಕೊಂಡು ಒದ್ದಾಡಿದ. ತಿದ್ದಲು ಹೋದವರು ನೋಡಿ, ಇದೇ ಚೆನ್ನಾಗಿದೆ ಎಂದು ಬಿಟ್ಟರು. ಹೊಡೆದು ಕೆಡವಿದ ಶತ್ರು, ನಿಂಜ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬಂದರೆ, ಮತ್ತೆ ಅಲ್ಲೇ ನಿಂತಿರುತ್ತಾನೆ. ಕಣ್ಣಿಂದ ಮರೆಯಾದದ್ದನ್ನು ಯಂತ್ರ ಮರೆತುಬಿಡುತ್ತದೆ. ಅಟ್ಟಿ ಬೆನ್ನು ತಿರುಗಿಸಿದರೆ ಆಲೂರು ಸಂತೆಯ ಆಡುಗಳೂ ಹೀಗೇ ಎಂದೆ. ಅದನ್ನು ಜಪಾನಿ ಭಾಷೆಗೆ ತಿರುಗಿಸಿದಾಗ ಎಲ್ಲರೂ ಗಂಭೀರವಾಗಿ ತಲೆದೂಗಿದರು.

ಆ ಹಾಳು ಹದ್ದಿಗೂ ಒಂದು ಕಥೆ. ಅದನ್ನು ಬರೆದವನು ಒಂದು ದಿನ ಹೊಳೆದಂಡೆಯಲ್ಲಿ ಕೂತು ಉಣ್ಣುವಾಗ ನಿಜವಾದ ಹದ್ದೊಂದು ಅವನ ಬುತ್ತಿ ಹಾರಿಸಿಕೊಂಡು ಹೋಗಿತ್ತು. ಆ ಸಿಟ್ಟನ್ನೆಲ್ಲ ಆಟದಲ್ಲಿ ಇಟ್ಟ. ಅಲ್ಲಿಂದ ಮುಂದೆ ಯಾರೂ ಹೋಗದಂತಾಯಿತು. ಮಾಡುವವರು ದಿನವೂ ಆಡಿ ಆಡಿ ತಮಗೆ ಸುಲಭವಾಯಿತೆಂದು ಇನ್ನೂ ಕಷ್ಟ ಮಾಡುತ್ತಾರೆ. ಹೊರಗಿನವರು ಮೊದಲ ಸೇತುವೆಯಲ್ಲೇ ಸಾಯುತ್ತಾರೆ. ಹಾಗಾದರೆ ಇದು ಯಾರಿಗಾಗಿ ಎಂದು ಕೇಳಿದೆ. ಕೇಳಿದ ಮೇಲೆ ನಮ್ಮ ವ್ಯಾಕರಣದ ಪರೀಕ್ಷೆ ನೆನಪಾಗಿ ನಾನೇ ಮಾತು ಬದಲಿಸಿದೆ.

ಆಟ ಮುಗಿದಾಗ ಮಾಡಿದವರ ಹೆಸರು ಬರುತ್ತದೆ, ಆದರೆ ನಿಜವಾದ ಹೆಸರಲ್ಲ. ಬೇರೆ ಕಂಪನಿಯವರು ಓದಿ ಕರೆದುಕೊಂಡು ಹೋಗಬಾರದೆಂದು ಅಡ್ಡಹೆಸರು. ಒಬ್ಬ ತನ್ನನ್ನು ಮೂಲಂಗಿ ಎಂದು ಕರೆದುಕೊಂಡಿದ್ದ.

ಕೊನೆಗೆ ಹಾಯಾಶಿ ತಮ್ಮ ಮೇಜಿನಿಂದ ಕಾಗದದ ಕಟ್ಟು ತಂದರು. ಎಲ್ಲದರಲ್ಲೂ ಕೈಗಳು, ಚೌಕ ಚೌಕವಾದ ಬೆರಳುಗಳು. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಅವರ ಅಜ್ಜ ತಲೆದಿಂಬಿನ ಪಕ್ಕ ಕೂತು, ಮುದ್ರೆ ಹಿಡಿದು, ಏನೋ ಗುನುಗುತ್ತಿದ್ದರಂತೆ. ಬೆಟ್ಟದ ಊರಿನ ಹಳೆಯ ಮನುಷ್ಯ, ಈಗಿಲ್ಲ. ನಿಂಜ ದಣಿದು ಬಿದ್ದಾಗ ಎದ್ದು ಕೂತು ಮುದ್ರೆ ಹಿಡಿಯುವ ಒಂದು ದೃಶ್ಯ ಆಟದಲ್ಲಿದೆ. ಅದು ಆ ಅಜ್ಜನಿಗಾಗಿ.

"ಪುಸ್ತಕ ನೋಡಿ ಬರೆದೆ. ಎಲ್ಲ ಸುಳ್ಳು ಅನಿಸುತ್ತವೆ. ಅಜ್ಜ ಎದುರಿಗೇ ಕೂತಿರುತ್ತಿದ್ದರು. ಮುಖ ನೆನಪಿದೆ, ದನಿ ನೆನಪಿದೆ. ಬೆರಳು ಮಾತ್ರ ಇಲ್ಲ. ನಾನು ಹೇಗೆ ಮರೆತೆ?" ಎಂದು ಹಾಯಾಶಿ ಕೇಳಿದರು. ಹೇಳುವಾಗ ಮಿಚಿಕೊ ದನಿಯೂ ತಗ್ಗಿತು.

ಇನ್ನೊಂದು ತೊಡಕೂ ಇತ್ತು. ಇಡೀ ಆಟ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಿಡಿಯಬೇಕು. ಮದುವೆಗೆ ಹೊರಟ ಮನೆಯವರೆಲ್ಲ ಒಂದೇ ಟ್ರಂಕಿಗೆ ಸೀರೆ ತುರುಕಿದ ಹಾಗೆ ಅದು ಆಗಲೇ ತುಂಬಿತ್ತು. "ಸ್ಮೃತಿಯಲ್ಲಿ ಸ್ಥಳವಿಲ್ಲ" ಎಂದರು ಮಿಚಿಕೊ. ಯಂತ್ರದ ನೆನಪಿಗೆ ಆಕೆ ಕೊಟ್ಟ ಪದ ಅದು; ನಾನು ಧರ್ಮಶಾಸ್ತ್ರದ ಮಾತೆಂದು ತಿಳಿದು, ಯಾವ ಸ್ಮೃತಿ ಎಂದು ಕೇಳಿ ನಗೆಗೀಡಾದೆ, ಇರಲಿ. ಬೆರಳು ಬರೆಯಲು ಬಹಳ ಚಿತ್ರ ಬೇಕು. ಬರುವ ಗುರುವಾರದೊಳಗೆ ಸರಿಯಾಗದಿದ್ದರೆ ಆ ದೃಶ್ಯ ತೆಗೆದುಹಾಕಿ ಎಂದು ಮೇಲಿನವರು ಹೇಳಿದ್ದರು. ಹಾಯಾಶಿ ನನ್ನ ಕೈಗಳನ್ನೇ ನೋಡುತ್ತಿದ್ದರು. ನಾನು ಅವನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿಕೊಂಡೆ.

ನಾರಾ

ನನ್ನ ಮನಸ್ಸು ತಿಳಿಯಾಗಲೆಂದು ಮಿಚಿಕೊ ನಾರಾ ಊರಿನ ಗುಡಿಗಳಿಗೆ ಕರೆದೊಯ್ದರು. ತಿಳಿಯಾಗಲಿಲ್ಲ, ರಾಡಿಯಾಯಿತು. ಆಳೆತ್ತರದ, ಮನೆಯೆತ್ತರದ ಮೂರ್ತಿಗಳು ಬೆರಳು ಮಡಿಸಿ ಎಲ್ಲರ ಎದುರಿಗೇ ನಿಂತಿದ್ದವು. ಬಸ್ಸುಗಟ್ಟಲೆ ಜನ ಫೋಟೋ ಹಿಡಿಯುತ್ತಿದ್ದರು. ಹತ್ತಿರದ ಸಣ್ಣ ಗುಡಿಯಲ್ಲಿ ಒಬ್ಬ ಭಿಕ್ಷು ಹೋಮ ಮಾಡುತ್ತಿದ್ದ. ಪ್ರತಿ ಮಂತ್ರದ ಕೊನೆಗೆ "ಸೋವಾಕಾ" ಎನ್ನುತ್ತಿದ್ದ. ಕಿವಿಗೊಟ್ಟು ಕೇಳಿದರೆ ಅದು ನಮ್ಮ ಸ್ವಾಹಾ! ನಮ್ಮದೇ ಮಾತು, ನಮ್ಮದೇ ಬೆರಳು, ಯಾವಾಗಲೋ ಸಮುದ್ರ ದಾಟಿ ಬಂದು ಇಲ್ಲಿ ಬಯಲಲ್ಲಿ ನಿಂತಿವೆ. ಹಾಗಾದರೆ ನಾನು ಯಾರಿಂದ ಏನನ್ನು ಬಚ್ಚಿಡುತ್ತಿದ್ದೇನೆ?

ಯೋಚಿಸುತ್ತ ಕೂತಾಗ ಒಂದು ಜಿಂಕೆ ಬಂದು ತಲೆ ಬಾಗಿಸಿ ನಮಸ್ಕರಿಸಿತು. ಆ ಊರಿನ ಜಿಂಕೆಗಳಿಗೂ ಅದು ರೂಢಿ. ನಾನು ಕೈ ಮುಗಿಯುವಷ್ಟರಲ್ಲಿ ಮಡಿಲಲ್ಲಿದ್ದ, ದೊಡ್ಡಪ್ಪ ಕೊಟ್ಟು ಕಳಿಸಿದ್ದ ಪಂಚಾಂಗದ ಹಾಳೆ ಕಿತ್ತು ತಿಂದಿತು. ಮುಂದಿನ ಏಕಾದಶಿ ಅದರ ಹೊಟ್ಟೆ ಸೇರಿತು.

"ತೋರಸಬ್ಯಾಡ್ರಿ ಆಚಾರ್ರೇ. ಮನಸ್ಸಿಗೆ ಬರಲಿಲ್ಲಂದ್ರ ಬ್ಯಾಡ" ಎಂದರು ಮಿಚಿಕೊ, ಪದ್ಮಾವತಿಯ ಕನ್ನಡದಲ್ಲಿ. ಅದು ನನಗೆ ಇನ್ನೂ ಕಷ್ಟವಾಯಿತು. ಈಕೆ ನನಗಾಗಿ ಹೊಸ ಪಾತ್ರೆ ತಂದಿದ್ದರು. ಮೀನು ಸೋಕದ ಸಾರು ಕಲಿತಿದ್ದರು. ಗಂಡ ಹೆಂಡತಿ ನಾನಿರುವಷ್ಟು ದಿನ ಅದೇ ಸಪ್ಪೆ ಸಾರು ಉಣ್ಣುತ್ತಿದ್ದರು. ಉಪ್ಪಿನ ಋಣ ದೊಡ್ಡದೋ ಕೊಟ್ಟ ಮಾತು ದೊಡ್ಡದೋ, ಯಾವ ಗ್ರಂಥವೂ ನನಗೆ ಹೇಳಲಿಲ್ಲ.

ಗುರುವಾರ

ಮಾತೇ ದೊಡ್ಡದು ಎಂದು ಕೊನೆಗೆ ಗಟ್ಟಿ ಮಾಡಿಕೊಂಡೆ. ಆದರೆ ಆ ದೇಶದಲ್ಲಿ ಯಾರೂ ನೇರವಾಗಿ "ಇಲ್ಲ" ಎನ್ನುವುದಿಲ್ಲವಂತೆ. ಹಲ್ಲಿನ ಸಂದಿನಿಂದ ಉಸಿರೆಳೆದು "ಕಷ್ಟ" ಎನ್ನುತ್ತಾರೆ. ಆ ಮಾತನ್ನು ಜಪಾನಿಯಲ್ಲಿ ಕಲಿತುಕೊಂಡು ಸಂಜೆ ಮಿಚಿಕೊ ಜೊತೆ ಕಚೇರಿಗೆ ಹೋಗಿ, ಉಸಿರೆಳೆದು, ಹೇಳಿದೆ. ಹಾಯಾಶಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಬಗ್ಗಿದರು. ಮೇಜಿಗೆ ಹೋಗಿ ಆ ಕೈಗಳ ಕಾಗದಗಳನ್ನು ಸುರುಳಿ ಸುತ್ತತೊಡಗಿದರು.

ಹೊತ್ತು ಮುಳುಗುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಸಂಧ್ಯೆ ತಪ್ಪುತ್ತದೆ. ದೊಡ್ಡಪ್ಪನಿಗೆ ಕೊಟ್ಟ ಎರಡು ಮಾತಿನಲ್ಲಿ ಒಂದು ಉಳಿಯಿತು, ಇನ್ನೊಂದನ್ನೂ ನೆಟ್ಟಗೆ ನಡೆಸೋಣ ಎಂದು ನೀರು ಕೇಳಿ ಪಡೆದೆ. ಪಶ್ಚಿಮದ ಕಿಟಕಿಯ ಬಳಿ ಒಂದು ಹೂಕುಂಡವಿತ್ತು. ಈ ಸಲ ಕೆಳಗೆ ನೋಡಿ, ಅರ್ಘ್ಯವನ್ನು ಅದಕ್ಕೇ ಬಿಟ್ಟೆ. ಅಂಗಿಯ ಮೇಲೆ ದೊಡ್ಡಪ್ಪನ ಶಲ್ಯ ಹೊದ್ದು, ನೆಲಕ್ಕೆ ಕೂತು, ಕೈ ಒಳಗೆ ಎಳೆದುಕೊಂಡೆ. ಮುದ್ರೆ ಹಿಡಿದೆ. ಕಣ್ಣು ಮುಚ್ಚಿ ಜಪಕ್ಕೆ ತೊಡಗಿದೆ.

ಕಣ್ಣು ಬಿಟ್ಟಾಗ ಹಾಯಾಶಿ ನನ್ನೆದುರು ಮಂಡಿಯೂರಿ ಕೂತಿದ್ದರು. ಹಿಂದೆ ಇಡೀ ಕಚೇರಿ ನಿಂತಿತ್ತು. ಏನು ತಪ್ಪು ಮಾಡಿದೆನೋ, ಹೂಕುಂಡ ಯಾರದೋ ಎಂದು ಗಾಬರಿಯಾದೆ. ಹಾಯಾಶಿ ಅಳುತ್ತಿದ್ದರು, ನಗುತ್ತಲೂ ಇದ್ದರು. ಮಿಚಿಕೊಗೆ ಸಂಸ್ಕೃತ ಮರೆತುಹೋಗಿತ್ತು.

"ಅಜ್ಜಾನೂ ಹಿಂಗs ಮಾಡ್ತಿದ್ರಂತ್ರಿ. ಅಂಗಿ ತೋಳಿನಾಗ ಕೈ ಇಟಗೊಂಡು. ಮ್ಯಾಲೆ ಅರಿಬಿ ಅಷ್ಟ ಅಲ್ಲಾಡ್ತಿತ್ತಂತ. ಇವ್ರು ಮರತಿಲ್ಲಂತ್ರಿ. ಅವ್ರು ತೋರಿಸೇ ಇರಲಿಲ್ಲಂತ."

ಎಷ್ಟೋ ವರ್ಷ ಆ ಮನುಷ್ಯ ಮರೆತೆನೆಂದು ತನ್ನನ್ನೇ ಬೈದುಕೊಂಡಿದ್ದ. ಮರೆಯಲು ಅಲ್ಲಿ ಏನೂ ಇರಲಿಲ್ಲ.

ಬೆರಳು ಬೇಡವಾದ ಮೇಲೆ ಬಟ್ಟೆ ಏಳಲು ಒಂದು ಚಿತ್ರ, ಇಳಿಯಲು ಒಂದು ಚಿತ್ರ ಸಾಕಾಯಿತು. ಡಬ್ಬಿಯಲ್ಲಿ ಅಷ್ಟು ಜಾಗವಿತ್ತು. ಯಂತ್ರದ ಲೆಕ್ಕದಲ್ಲಿ ನಿಂಜನಿಗೆ ಮೂರೇ ಬಣ್ಣ. ನೀಲಿ ಮೈಗೆ, ಗೋಧಿ ಬಣ್ಣ ಕಣ್ಣಿನ ಸುತ್ತ, ಕೆಂಪು ಕತ್ತಿಯ ಹಿಡಿಗೆ. ಹಾಯಾಶಿ ಶಲ್ಯದ ಅಂಚನ್ನು ಮುಟ್ಟದೆ, ಬಗ್ಗಿ ನೋಡಿ, ಕತ್ತಿಯ ಕೆಂಪನ್ನು ಕಿತ್ತು ನಿಂಜನ ಹೆಗಲಿಗೆ ಕೊಟ್ಟರು. ಆಟದ ಕೊನೆಗೆ ನಿಮ್ಮ ಹೆಸರೂ ಹಾಕಲೇ ಎಂದು ನನ್ನನ್ನು ಕೇಳಿದರು. ಮೂಲಂಗಿಯ ಪಕ್ಕದಲ್ಲಿ ಬೇಡ ಎಂದೆ.

ಮತ್ತೆ ಆಲೂರು

ದೊಡ್ಡಪ್ಪ ಕೇಳಿದ್ದು ಒಂದೇ. "ಮುದ್ರಿ ತೋರಿಸಿದೇನು?"

"ಇಲ್ರಿ. ಆದ್ರ ಶಲ್ಯ ನೋಡ್ಯಾರ."

"ಶಲ್ಯ ಇರೂದs ನೋಡಾಕ" ಎಂದು ನಾನು ಮರಳಿ ತಂದಿದ್ದ ಪಂಚಾಂಗಕ್ಕೆ ತಿರುಗಿದರು. ಅದರ ಒಂದು ಹಾಳೆ ಏಕಿಲ್ಲ ಎಂದು ವಿವರಿಸುವುದರಲ್ಲಿ ಉಳಿದ ಮಾತೆಲ್ಲ ಹಿಂದೆ ಬಿತ್ತು.

ಕೆಲವು ತಿಂಗಳ ಮೇಲೆ ಹಾಯಾಶಿ ಒಂದು ಫೋಟೋ ಕಳಿಸಿದರು. ಆಟ ಅಂಗಡಿಗೆ ಬಂದಿತ್ತು. ಟಿ.ವಿ. ಗಾಜಿನ ಫೋಟೋ ಅದು. ಕಪ್ಪು ಆಕಾಶ, ಬೆಟ್ಟ, ನಡುವೆ ನೀಲಿ ಚುಕ್ಕೆಗಳ ಒಂದು ಮುದ್ದೆ ಕಾಲು ಮಡಚಿ ಕೂತಿದೆ, ಹೆಗಲಿಂದ ಕೆಂಪು ಅಂಚು ಇಳಿದಿದೆ. ದೊಡ್ಡಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು, ಬಹಳ ಹೊತ್ತು ನೋಡಿದರು.

"ಬೆರಳು ಕಾಣವಲ್ವು."

"ಕಾಣೂದಿಲ್ರಿ ದೊಡ್ಡಪ್ಪ. ಬರದೇ ಇಲ್ಲ."

"ಚಲೋ ಕಲಿಸ್ಯಾರ ಅವಗ." ಮತ್ತೆ ನೋಡಿದರು. ಆಮೇಲೆ, ನಮ್ಮ ಕಡೆ ಹೊಸಬರು ಬಂದಾಗ ಕೇಳುವ ಹಾಗೆಯೇ ಕೇಳಿದರು: "ಯಾರ ಪೈಕಿ ಇವಾ?"

ಚುಕ್ಕೆ, ಯಂತ್ರ, ಹದ್ದು, ಡಬ್ಬಿ, ಬೆಟ್ಟದೂರಿನ ಅಜ್ಜ, ಎಲ್ಲಿಂದ ಶುರು ಮಾಡಲಿ? ನನಗೇ ಸರಿಯಾಗಿ ಗೊತ್ತಿಲ್ಲದ್ದನ್ನು ಇವರಿಗೆ ಏನು ಹೇಳಲಿ? ಬಾಯಿಗೆ ಬಂದದ್ದು ಒಂದೇ.

"ನಮ್ಮ ಪೈಕಿನs ರೀ."

ದೊಡ್ಡಪ್ಪ ಹೂಂ ಎಂದರು. ಎದ್ದು ಹೋಗಿ, ಗೋಡೆಯಲ್ಲಿದ್ದ ನನ್ನ ಮುಂಜಿಯ ಫೋಟೋದ ಚೌಕಟ್ಟಿನ ಮೂಲೆಗೆ ಅವನನ್ನು ಸಿಕ್ಕಿಸಿದರು.